ಕರ್ನಾಟಕದ ತಂಬಾಕು ತಿದ್ದುಪಡಿ: ಗೋಡೆಯೊಳಗಿನ ಹೊಗೆ, ರಸ್ತೆ ಬದಿಯ ದಂಡ

ಹೊಗೆಯಾಚೆ

ಕೋಟ್ಪಾಗೆ, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕೇಂದ್ರ ಕಾಯ್ದೆಗೆ, ಕರ್ನಾಟಕ ತಂದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದೇ ತಿಂಗಳ ಕೊನೆಗೆ ರಾಜ್ಯಪತ್ರದಲ್ಲಿ ಪ್ರಕಟವೂ ಆಯ್ತು. ಗೊತ್ತಿಲ್ಲದವರಿಗೆ ಚುಟುಕಾಗಿ: ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21 ಆಗಿದೆ. ಬಿಡಿ ಸಿಗರೇಟು ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, ಜೊತೆಗೆ 50,000ದಿಂದ 1 ಲಕ್ಷದವರೆಗೆ ದಂಡ.

ಇವನ್ನೆಲ್ಲ ಒಂದೇ ಮೂಟೆ ಕಟ್ಟಿ ಪರ–ವಿರೋಧ ಮಾತಾಡೋದರಿಂದ ಚರ್ಚೆ ಕೆಡುತ್ತಿದೆ ಅಂತ ನನ್ನ ಅನಿಸಿಕೆ. ಇದರಲ್ಲಿ ಎರಡು ಜಾತಿಯ ನಿಯಮಗಳಿವೆ. ಪಕ್ಕದಲ್ಲಿರುವವರ ಶ್ವಾಸಕೋಶಕ್ಕೆ ಹೊಗೆ ಹೋಗದಂತೆ ತಡೆಯುವುದು ಒಂದು. ಸೇದುವವನನ್ನೇ ಅವನ ಚಟದಿಂದ ಕಾಯಲು ಹೊರಡುವುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚು ಸಮರ್ಥನೆ ಬೇಡ. ಎರಡನೆಯದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಸಮರ್ಥನೆ ಬೇಕು. ಬಲ್ಲವರು ವಿವರವಾಗಿ ಬರೆಯಿರಿ.

ಸ್ವಂತನಿರ್ಧಾರ

ಈ ವಿಂಗಡಣೆ ಒಪ್ಪುತ್ತೇನೆ. ಒಪ್ಪಿದ ಮೇಲೆ 21ರ ಮಿತಿಯನ್ನು ಹೇಗೆ ಸಮರ್ಥಿಸುತ್ತೀರಿ? 18ಕ್ಕೆ ಮತ ಹಾಕಬಹುದು, ಕರಾರಿಗೆ ಸಹಿ ಹಾಕಬಹುದು. 20 ವರ್ಷದ ದುಡಿಯುವ ಮನುಷ್ಯನಿಗೆ ತನ್ನ ದುಡ್ಡಿನಲ್ಲಿ ಕಾನೂನುಬದ್ಧ ವಸ್ತು ಕೊಳ್ಳುವ ಹಕ್ಕು ಇಲ್ಲ ಅನ್ನೋದು ಸಣ್ಣ ಮಾತಲ್ಲ.

ಇನ್ನೂ ಒಂದು. 2019ರಲ್ಲಿ ಕೇಂದ್ರ ಇ-ಸಿಗರೇಟನ್ನು ಪೂರ್ತಿ ನಿಷೇಧಿಸಿತು. ಮೊದಲ ಬಾರಿ ಮಾರಿದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ ಅಥವಾ ಎರಡೂ. ಸುಡುವ ಸಿಗರೇಟು ಮಾತ್ರ ಮೂಲೆ ಮೂಲೆಯಲ್ಲಿ ಸಿಗುತ್ತದೆ. ಹೆಚ್ಚು ಕೊಲ್ಲುವ ವಸ್ತುವಿಗೆ ಪರವಾನಗಿ, ಹೊಸದಕ್ಕೆ ಜೈಲು. ಆರೋಗ್ಯವೊಂದೇ ಅಳತೆಗೋಲಾಗಿದ್ದರೆ ಹೀಗಾಗುತ್ತಿರಲಿಲ್ಲ.

ಧಾರವಾಡ_ವಕೀಲ

ಮೊದಲ ಕಾಯ್ದೆ ಏನ್ ಹೇಳ್ತದ ನೋಡೋಣ್ರೀ, ಆಮ್ಯಾಲೆ ತತ್ತ್ವ.

ಇದರ ಬೇರು 1999ರ ಕೇರಳ ಹೈಕೋರ್ಟ್ ತೀರ್ಪಿನಾಗ ಅದ. ಸಾರ್ವಜನಿಕ ಸ್ಥಳದಾಗ ಸೇದೂದು ಸಂವಿಧಾನದ 21ನೇ ವಿಧಿ ಸೇದದವರಿಗೆ ಕೊಟ್ಟ ಬದುಕೋ ಹಕ್ಕಿಗೆ ಧಕ್ಕೆ ಅಂತ ಹೇಳಿದ್ದು ಅದು. 2001ರ ನವೆಂಬರ್ 2ಕ್ಕ ಮುರಳಿ ದೇವರಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕೋರ್ಟ್, ಸರ್ಕಾರಿ ಕಚೇರಿ, ಬಸ್ಸು, ರೈಲು ಎಲ್ಲಾ ಕಡೆ ನಿಷೇಧಿಸ್ತು. ಕೋಟ್ಪಾ ಬಂದಿದ್ದು 2003ರಾಗ. ಇವತ್ತು ನಾವು ನೋಡೋ ರೂಪ ಕೊಟ್ಟಿದ್ದು 2008ರ ನಿಯಮಗಳು, ಅಕ್ಟೋಬರ್ 2ರಿಂದ ಜಾರಿ.

ಈಗ ಮುಖ್ಯ ಮಾತು. ಮೂಲ ಕಾಯ್ದೆಯ ವ್ಯಾಖ್ಯೆಯಾಗ "ಸಾರ್ವಜನಿಕ ಸ್ಥಳ" ಅಂದ್ರ ಬಯಲು ಜಾಗ ಸೇರೂದಿಲ್ಲ. 2008ರ ನಿಯಮ ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಬಯಲು ರಂಗಮಂದಿರ ಇವನ್ನ ಹೆಸರು ಹಿಡಿದು ಸೇರಿಸ್ತು. ಕೆಲಸದ ಸ್ಥಳ, ಮಾಲ್, ಸಿನಿಮಾ ಮಂದಿರ, ಪಬ್ಬು, ಬಾರು ಸೈತ ಸೇರಿದ್ವು. ಬಸ್ ನಿಲ್ದಾಣದಾಚೆ ಚಾದಂಗಡಿ ಮುಂದಿನ ಫುಟ್‌ಪಾತು ಆ ಪಟ್ಟಿಯಾಗ ಇಲ್ಲ. ಹಂಗಿದ್ರೂ ದಂಡದ ಚೀಟಿ ಹೆಚ್ಚಾಗಿ ಹರಿಯೂದು ಅಲ್ಲೇ, ಯಾಕಂದ್ರ ಅಲ್ಲಿ ಮನುಷ್ಯ ಕಣ್ಣಿಗೆ ಬೀಳ್ತಾನ. ನಾಲ್ಕು ಗೋಡೆ ಒಳಗಿನ ಬಾರಿಗೆ ಹೋಗಿ ಬರೆಯೂದು ತ್ರಾಸಿನ ಕೆಲಸ. ಕಾನೂನು ಗಟ್ಟಿ ಇರೋ ಕಡೆ ಕೈ ಸಡಿಲು, ಕಾನೂನು ಸಡಿಲು ಇರೋ ಕಡೆ ಕೈ ಬಿಗಿ. 1,000 ರೂಪಾಯಿ ಆದಮ್ಯಾಲೆ ಇದು ಇನ್ನಷ್ಟು ಅನ್ಯಾಯ ಆಗ್ತದ.

ಹೊಗೆಯಾಚೆ

@ಧಾರವಾಡ_ವಕೀಲ ಮಾಲೀಕನ ಹೊಣೆಯ ಬಗ್ಗೆಯೂ ಬರೆಯಿರಿ. ಜನ ದಂಡವೆಂದರೆ ಸೇದುವವನಿಗೆ ಮಾತ್ರ ಅಂದುಕೊಂಡಿದ್ದಾರೆ.

ಧಾರವಾಡ_ವಕೀಲ

ಹೌದ್ರೀ. 2008ರ 3ನೇ ನಿಯಮದ ಪ್ರಕಾರ ಹೊಣೆ ಮಾಲೀಕ, ಮ್ಯಾನೇಜರ್, ಮೇಲ್ವಿಚಾರಕ, ಯಾರು ಆ ಜಾಗ ನಡಸ್ತಾರ ಅವರದು. ಪ್ರವೇಶದ್ವಾರಕ್ಕ, ಪ್ರತಿ ಮಹಡಿಗೆ, ಮೆಟ್ಟಿಲಿಗೆ, ಲಿಫ್ಟ್ ಬಾಗಿಲಿಗೆ ಫಲಕ ಹಾಕಬೇಕು. ಅಳತೆ ಕನಿಷ್ಠ 60 ಸೆಂಮೀ × 30 ಸೆಂಮೀ, ಬಿಳಿ ಹಿನ್ನೆಲೆ. ಅದರಾಗ ಕನಿಷ್ಠ 15 ಸೆಂಮೀ ವ್ಯಾಸದ ವೃತ್ತ, 3 ಸೆಂಮೀ ಅಗಲದ ಕೆಂಪು ಅಂಚು, ನಡುವೆ ಹೊಗೆ ಬಿಡೋ ಸಿಗರೇಟು ಅಥವಾ ಬೀಡಿ, ಅದಕ್ಕ ಅಡ್ಡ ಕೆಂಪು ಪಟ್ಟಿ. "ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಅಪರಾಧ" ಅನ್ನೋ ಬರಹ ಕನ್ನಡದಾಗ ಇದ್ರ ಸಾಕು. ಅಷ್ಟ ಅಲ್ಲ, ದೂರು ಯಾರಿಗೆ ಕೊಡಬೇಕು ಅವರ ಹೆಸರು ಸೈತ ಹಾಕಬೇಕು. ಈ ಹೆಸರಿನ ಜಾಗ ಖಾಲಿ ಇರೂದೇ ಹೆಚ್ಚು. ಹೆಸರಿಲ್ಲದ ಫಲಕ ಅಂದ್ರ ದೂರು ತಗೊಳ್ಳಾಕ ಯಾರೂ ಇಲ್ಲ ಅಂತ ಅರ್ಥ.

ಬೂದಿ ಬಟ್ಟಲು, ಕಡ್ಡಿಪೆಟ್ಟಿಗೆ, ಲೈಟರ್ ಇಡೂಹಂಗಿಲ್ಲ. ಮೇಜಿನ ಮ್ಯಾಲೆ ಬೂದಿ ಬಟ್ಟಲು ಸಿಕ್ಕರ ಮಾಲೀಕನ ವಿರುದ್ಧ ಅದಕ್ಕಿಂತ ಸರಳ ಪುರಾವೆ ಬ್ಯಾರೆ ಬೇಡ. ದೂರು ಬಂದರೂ ಸುಮ್ಮನಿದ್ರ ಎಷ್ಟು ಜನ ಸೇದಿದ್ರೋ ಅಷ್ಟು ತಪ್ಪಿಗೆ ಸಮನಾದ ದಂಡ ಮಾಲೀಕನ ಮ್ಯಾಲೆ ಹಾಕಬಹುದು. 10 ಮಂದಿ ಸೇದಿದ್ರ ಹತ್ತು ಪಟ್ಟು. 1,000ದ ದರದಾಗ ಈ ಲೆಕ್ಕ ಈಗ ಕಚ್ಚೂ ಹಂಗ ಆಗ್ಯದ.

ದಂಡ ಹಾಕೋ ಅಧಿಕಾರ ಪೊಲೀಸರಿಗಷ್ಟ ಅಂತ ತಿಳೀಬ್ಯಾಡ್ರಿ. ಶಾಲೆ ಮುಖ್ಯೋಪಾಧ್ಯಾಯರು, ಗ್ರಂಥಪಾಲಕರು, ಪೋಸ್ಟ್‌ಮಾಸ್ಟರ್, ಸ್ಟೇಷನ್ ಮಾಸ್ಟರ್, ಆಸ್ಪತ್ರೆ ಆಡಳಿತಾಧಿಕಾರಿ, ಖಾಸಗಿ ಕಚೇರಿಯ ಮಾನವ ಸಂಪನ್ಮೂಲ ವ್ಯವಸ್ಥಾಪಕರು, ಎಲ್ಲರೂ ತಮ್ಮ ತಮ್ಮ ಆವರಣದಾಗ ಅಧಿಕೃತರೇ.

ಗಾಳಿ_ಲೆಕ್ಕ

ಬಾರು, ರೆಸ್ಟೋರೆಂಟ್ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. 30 ಕೊಠಡಿಯ ಹೋಟೆಲ್, 30 ಅಥವಾ ಹೆಚ್ಚು ಆಸನದ ರೆಸ್ಟೋರೆಂಟ್, ವಿಮಾನ ನಿಲ್ದಾಣ, ಈ ಮೂರಕ್ಕೆ ಪ್ರತ್ಯೇಕ ಧೂಮಪಾನ ಕೊಠಡಿ ಇಡಲು ಕಾಯ್ದೆ ಅವಕಾಶ ಕೊಡುತ್ತದೆ. ಬೆಂಗಳೂರಿನ ಬಹುಪಾಲು ಕಡೆ "ಸ್ಮೋಕಿಂಗ್ ಝೋನ್" ಅಂತ ಕರೆಯುವುದಕ್ಕೂ ನಿಯಮ ಹೇಳುವ ಕೊಠಡಿಗೂ ಅಜಗಜಾಂತರ.

ನಿಯಮ ಹೇಳುವುದು ಇಷ್ಟು: ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಪೂರ್ತಿ ಗೋಡೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಕಟ್ಟಡದ ಉಳಿದ ಗಾಳಿಗೆ ಮತ್ತೆ ಬೆರೆಯಬಾರದು. ಉಳಿದ ಭಾಗಕ್ಕಿಂತ ಕೊಠಡಿಯೊಳಗೆ ಗಾಳಿಯ ಒತ್ತಡ ಕಡಿಮೆ ಇರಬೇಕು. ಪ್ರವೇಶ ಅಥವಾ ನಿರ್ಗಮನ ದ್ವಾರದಲ್ಲಿ ಇಡುವಂತಿಲ್ಲ. ಒಳಗೆ ಸೇದುವುದು ಬಿಟ್ಟರೆ ಬೇರೆ ಯಾವ ಸೇವೆಯೂ ಇರಬಾರದು. ಅಂದರೆ ಆ ಕೊಠಡಿಗೆ ಬಿಯರು, ಕಡಲೆ ತಂದುಕೊಟ್ಟ ಕ್ಷಣವೇ ಅದು ಕಾನೂನುಬಾಹಿರ.

ಈಗ ಗಾಳಿಯ ಲೆಕ್ಕ. 3 ಮೀ × 4 ಮೀ ನೆಲ, 3 ಮೀ ಎತ್ತರ ಇಟ್ಟುಕೊಳ್ಳಿ, 36 ಘನ ಮೀಟರ್. ಒಮ್ಮೆಗೆ 10 ಜನ. ಹವಾ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇಯ ಹಳೆಯ ಮಾನದಂಡದಲ್ಲಿ ಧೂಮಪಾನ ಕೊಠಡಿಗೆ ತಲೆಗೆ ನಿಮಿಷಕ್ಕೆ 60 ಘನ ಅಡಿ ಅಂತ ಇತ್ತು. 10 ಜನಕ್ಕೆ 600 ಘನ ಅಡಿ, ಗಂಟೆಗೆ ಸುಮಾರು 1,020 ಘನ ಮೀಟರ್. ಅಂದರೆ ಕೊಠಡಿಯ ಗಾಳಿ ಗಂಟೆಗೆ 28 ಸಲ ಪೂರ್ತಿ ಬದಲಾಗಬೇಕು. ಬಚ್ಚಲಿಗೆ ಹಾಕುವ 6 ಇಂಚಿನ ಫ್ಯಾನು ಇದರ ಹತ್ತಿರಕ್ಕೂ ಬರುವುದಿಲ್ಲ, ಅದರಲ್ಲೂ ಉದ್ದದ ಪೈಪು, ಎರಡು ಬಾಗು ಸೇರಿದ ಮೇಲೆ. ಒತ್ತಡ ಕಡಿಮೆ ಇರಬೇಕಾದರೆ ಒಳಗೆ ಬಿಡುವ ಗಾಳಿಗಿಂತ ಹೊರಗೆ ಎಳೆಯುವುದು 10ರಿಂದ 15 ಶೇಕಡ ಹೆಚ್ಚಿರಬೇಕು.

ಕೆಡುವುದು ಎಲ್ಲಿ ಅಂದರೆ:

ಕೊಠಡಿಗೆ ಸ್ಪ್ಲಿಟ್ ಎಸಿ ಹಾಕಿ "ವ್ಯವಸ್ಥೆ ಇದೆ" ಅನ್ನುತ್ತಾರೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಒಂದು ತೊಟ್ಟು ಹೊಗೆಯನ್ನೂ ಹೊರಗೆ ಹಾಕುವುದಿಲ್ಲ. ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಕಟ್ಟುತ್ತಾರೆ, ಅದರ ಮೇಲಿನ ಸಂದಿನಿಂದ ಹೊಗೆ ಪಕ್ಕದ ಊಟದ ಕೋಣೆಗೆ ಇಳಿಯುತ್ತದೆ. ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು ತೆರೆದೇ ಬಿಡುತ್ತಾರೆ. ಹೊಗೆ ಕೊಳವೆಯ ಬಾಯನ್ನು ಮೆಟ್ಟಿಲ ಕಡೆಗೋ ಪಕ್ಕದ ಕಟ್ಟಡದ ಕಿಟಕಿಗೋ ತಿರುಗಿಸುತ್ತಾರೆ. ಅದು ಛಾವಣಿಯ ಮೇಲೆ, ತಾಜಾ ಗಾಳಿ ಎಳೆಯುವ ಜಾಗದಿಂದ ದೂರ ಇರಬೇಕು.

ಪರೀಕ್ಷೆ ಸುಲಭ. ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು ಹೊರಗಿನಿಂದ ಸಂದಿಗೆ ತೆಳು ಟಿಶ್ಯೂ ಪಟ್ಟಿ ಹಿಡಿಯಿರಿ. ಪಟ್ಟಿ ಒಳಕ್ಕೆ ವಾಲಿದರೆ ಒತ್ತಡ ಸರಿ ಇದೆ. ನೆಟ್ಟಗೆ ನಿಂತರೆ ಅಥವಾ ಹೊರಕ್ಕೆ ಬಂದರೆ ಆ ಕೊಠಡಿ ಲೆಕ್ಕಕ್ಕಿಲ್ಲ. ಕೆಳಗೆ, ನಡುವೆ, ಮೇಲೆ ಮೂರೂ ಕಡೆ ನೋಡಿ. ಬಿಸಿ ಹೊಗೆ ಮೇಲಿನ ಸಂದಿನಿಂದ ಮಾತ್ರ ಸೋರುವುದುಂಟು.

ಸ್ವಂತನಿರ್ಧಾರ

ಹಾಗಾದರೆ ಕೊಠಡಿ ಸರಿಯಾಗಿ ಕಟ್ಟಿದರೆ ಸಮಸ್ಯೆ ಮುಗೀತಲ್ಲ? ಸೇದುವವರಿಗೆ ಜಾಗ ಸಿಕ್ಕಿತು, ಸೇದದವರಿಗೆ ಗಾಳಿ ಸಿಕ್ಕಿತು. ಆಮೇಲೂ ಕೊಠಡಿಗಳನ್ನೇ ತೆಗೆಯಿರಿ ಅನ್ನುವುದು ಆರೋಗ್ಯದ ಮಾತಲ್ಲ, ಶಿಕ್ಷೆಯ ಮಾತು.

ಗಾಳಿ_ಲೆಕ್ಕ

ಸರಿಯಾಗಿ ಕಟ್ಟಿದರೂ ಪೂರ್ತಿ ಮುಗಿಯುವುದಿಲ್ಲ. ಬಾಗಿಲು ತೆರೆದಾಗಲೆಲ್ಲ, ಮನುಷ್ಯ ನಡೆದು ಬಂದಾಗಲೆಲ್ಲ ಅವನ ಬೆನ್ನಿಗೆ ಅಂಟಿದಂತೆ ಗಾಳಿಯ ಒಂದು ಮುದ್ದೆ ಹೊರಗೆ ಬರುತ್ತದೆ. ಬಟ್ಟೆ, ಉಸಿರಿನಲ್ಲೂ ಸ್ವಲ್ಪ ಹೊತ್ತು ಹೊಗೆ ಉಳಿದಿರುತ್ತದೆ. ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಅನಿಲಕ್ಕೆ ಇದ್ದಿಲ ಫಿಲ್ಟರ್ ಬೇಕು, ಅದು ತುಂಬಿಕೊಂಡ ಮೇಲೆ ಇದ್ದೂ ಇಲ್ಲದಂತೆ, ಬದಲಾಯಿಸುವವರು ಕಡಿಮೆ. ಹವಾ ವ್ಯವಸ್ಥೆಯಿಂದ ಹೊಗೆಯ ಅಪಾಯವನ್ನು ಪೂರ್ತಿ ತೆಗೆಯಲು ಆಗುವುದಿಲ್ಲ, ಒಳಾಂಗಣದಲ್ಲಿ ಸೇದುವುದನ್ನು ನಿಲ್ಲಿಸುವುದೇ ದಾರಿ ಅಂತ ಆಶ್ರೇ ಸಂಸ್ಥೆಯೇ 2005ರಲ್ಲಿ ಅಧಿಕೃತ ನಿಲುವು ತಳೆದಿದೆ. ಫ್ಯಾನು, ಡಕ್ಟು ಮಾರಿ ಬದುಕುವ ವೃತ್ತಿಯವರ ಸಂಸ್ಥೆ ಅದು. ಅವರೇ ಕೈಚೆಲ್ಲಿದ್ದಾರೆ ಅಂದರೆ ನಾನು ಅದಕ್ಕೆ ಬೆಲೆ ಕೊಡುತ್ತೇನೆ.

ಹೊಗೆಯಾಚೆ

@ಸ್ವಂತನಿರ್ಧಾರ ಕೊಠಡಿಯ ಲೆಕ್ಕದಲ್ಲಿ ಒಬ್ಬರನ್ನು ಬಿಟ್ಟಿದ್ದೀರಿ: ಅಲ್ಲಿ ಕೆಲಸ ಮಾಡುವವರು. ಗಿರಾಕಿಗೆ ಬೇರೆ ಹೋಟೆಲ್‌ಗೆ ಹೋಗುವ ಆಯ್ಕೆ ಇದೆ. ಆ ಕೊಠಡಿ ಗುಡಿಸುವವರಿಗೆ, ತುಂಡು ಆಯುವವರಿಗೆ, ಪಕ್ಕದ ಕೌಂಟರಿನಲ್ಲಿ ದಿನವಿಡೀ ನಿಲ್ಲುವವರಿಗೆ ಆ ಆಯ್ಕೆ ಇಲ್ಲ. 2004ರ ಮಾರ್ಚ್ 29ರಂದು ಐರ್ಲೆಂಡ್ ಪಬ್ಬುಗಳನ್ನೂ ಸೇರಿಸಿ ಒಳಾಂಗಣ ನಿಷೇಧ ತಂದ ಮೊದಲ ದೇಶವಾದಾಗ ಅದನ್ನು ಮಂಡಿಸಿದ್ದೇ ಕಾರ್ಮಿಕರ ರಕ್ಷಣೆಯ ಕಾನೂನಾಗಿ. ಪಬ್ ಸಂಸ್ಕೃತಿ ಅಷ್ಟು ಗಟ್ಟಿ ಇರುವ ನಾಡಿನಲ್ಲಿ ಅದು ನಿಂತದ್ದು ಈ ಕಾರಣಕ್ಕೆ ಅಂತ ನಾನು ನಂಬುತ್ತೇನೆ.

ಫಲ ಸಿಕ್ಕಿದ್ದಕ್ಕೆ ಸ್ಕಾಟ್ಲೆಂಡಿನ ಉದಾಹರಣೆ ಇದೆ. 2006ರ ಮಾರ್ಚ್ ನಿಷೇಧದ ನಂತರ ಒಂಬತ್ತು ಆಸ್ಪತ್ರೆಗಳಲ್ಲಿ ಹಠಾತ್ ಹೃದಯ ತೊಂದರೆಗೆ ದಾಖಲಾದವರ ಸಂಖ್ಯೆ 17 ಶೇಕಡ ಇಳಿಯಿತು. ಸೇದುವವರಲ್ಲಿ ಇಳಿಕೆ 14 ಶೇಕಡ, ಎಂದೂ ಸೇದದವರಲ್ಲಿ 21. ಹೆಚ್ಚು ಲಾಭವಾದದ್ದು ಸೇದದವರಿಗೆ. ನಮ್ಮ ಕಾಯ್ದೆಯ 30 ಆಸನದ ವಿನಾಯಿತಿಯನ್ನು ಕರ್ನಾಟಕದ ತಿದ್ದುಪಡಿಯೂ ಉಳಿಸಿಕೊಂಡಿದೆ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಲೋಪ. ರಸ್ತೆಬದಿಯವನ ದಂಡ ಐದು ಪಟ್ಟು ಏರಿಸಿ ಗೋಡೆಯೊಳಗಿನ ಕೊಠಡಿಯನ್ನು ಹಾಗೇ ಬಿಟ್ಟಿದ್ದೇವೆ.

ಕಟ್ಟೆಅಂಗಡಿ

ಬಿಡಿ ಸಿಗರೇಟಿನ ಬಗ್ಗೆ ಯಾರೂ ಬರೆದಿಲ್ಲ, ಪೆಟ್ಟಿಗೆ ಅಂಗಡಿಗಳಿಗೆ ಅದೇ ದೊಡ್ಡ ವಿಷಯ. ನಿಷೇಧದ ಹಿಂದಿನ ತರ್ಕ ಗಟ್ಟಿಯಾಗಿದೆ ಅಂತ ಒಪ್ಪುತ್ತೇನೆ. ಪ್ಯಾಕಿನ ಮೇಲೆ 85 ಶೇಕಡ ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು, 2016ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. (2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟೇ ಅದನ್ನು ರದ್ದು ಮಾಡಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.) ಬಿಡಿಯಾಗಿ ಕೊಂಡವನಿಗೆ ಆ ಚಿತ್ರ ಕಾಣುವುದೇ ಇಲ್ಲ. ಶಾಲೆ ಹುಡುಗನ ಜೇಬಿನ ಚಿಲ್ಲರೆಗೆ ಪ್ಯಾಕು ಸಿಗುವುದಿಲ್ಲ, ಒಂದು ಸಿಗರೇಟು ಸಿಗುತ್ತದೆ.

ಆದರೆ ಒಂದೇ ದಿನದಲ್ಲಿ ಇದು ನಡೆಯುವ ಮಾತಲ್ಲ. ಟೀ ಜೊತೆ ಒಂದು ಸಿಗರೇಟು ಅನ್ನುವುದರ ಮೇಲೆ ಸಣ್ಣ ಅಂಗಡಿಯ ವ್ಯಾಪಾರ ನಿಂತಿದೆ. ಕಾನೂನು ಕಠಿಣವಾಗಿ, ತಪಾಸಣೆ ಬೆರಳೆಣಿಕೆಯಷ್ಟಾದರೆ ಏನಾಗುತ್ತದೆ ಅಂದರೆ ಅಂಗಡಿಯವನು ಮಾರುತ್ತಲೇ ಇರುತ್ತಾನೆ, ಆಗಾಗ ಬಂದವರ ಕೈ ಬಿಸಿ ಮಾಡುತ್ತಾನೆ. ಭೂತಾನ್ 2004ರಲ್ಲಿ ಮಾರಾಟವನ್ನೇ ನಿಷೇಧಿಸಿತ್ತು. ಗಡಿಯಿಂದ ಕಳ್ಳಸಾಗಣೆ ನಿಲ್ಲಲಿಲ್ಲ, 2021ರಲ್ಲಿ ನಿಷೇಧ ತೆಗೆದರು.

ಶಾಲೆಯ ಹತ್ತಿರ ತಂಬಾಕು ಮಾರಬಾರದೆಂಬ ದೂರದ ನಿಯಮ ಬಿಗಿ ಮಾಡುವುದು ಇದಕ್ಕಿಂತ ಉಪಯುಕ್ತ. ಮೂಲ ಕಾಯ್ದೆಯಲ್ಲಿ 100 ಗಜ, ಅಂದರೆ ಸುಮಾರು 91 ಮೀಟರ್. ಅಳೆಯುವುದು ಗೇಟಿನಿಂದ ಅಲ್ಲ, ಕಾಂಪೌಂಡಿನ ಹೊರ ಅಂಚಿನಿಂದ ಎಲ್ಲ ದಿಕ್ಕಿಗೂ ನೇರ ಗೆರೆಯಲ್ಲಿ. ರಸ್ತೆ ಸುತ್ತಿ ಬರುವ ದೂರ ಲೆಕ್ಕಕ್ಕಿಲ್ಲ. ಹಿಂದಿನ ಗೋಡೆಗೆ ತಾಗಿದ ಗಲ್ಲಿಯ ಅಂಗಡಿ ಗೇಟಿನಿಂದ ಅರ್ಧ ಕಿಲೋಮೀಟರ್ ದೂರ ಇದ್ದರೂ ನಿಯಮದೊಳಗೆ ಬರುತ್ತದೆ. ಶಾಲೆಯವರು ಈ ಮಿತಿ ಗುರುತಿಸುವ ಹಳದಿ ಗೆರೆ ಹಾಕುವಾಗ ಮುಂಬಾಗಿಲ ರಸ್ತೆಗೆ ಮಾತ್ರ ಹಾಕಿ ಇಲ್ಲೇ ತಪ್ಪುತ್ತಾರೆ.

ಉಪಶಮನ

ಬಿಡಿ ಮಾರಾಟದ ಬಗ್ಗೆ ಇನ್ನೊಂದು ಕೋನ. ದಿನಕ್ಕೆ ಎರಡಕ್ಕೆ ಇಳಿಸಬೇಕೆಂದು ಬಿಡಿಯಾಗಿ ಕೊಳ್ಳುವವರು ನಿಜಕ್ಕೂ ಇದ್ದಾರೆ. ಅವರಿಗೆ ಪ್ಯಾಕು ಕೊಡುವುದು ಎಂದರೆ ಜೇಬಿನಲ್ಲಿ ಪ್ರಲೋಭನೆ ಇಟ್ಟಂತೆ. ಆದರೂ ಹೊಸಬರು ಶುರು ಮಾಡುವುದು ಬಿಡಿ ಸಿಗರೇಟಿನಿಂದ ಆದ್ದರಿಂದ ನಿಷೇಧವನ್ನು ಬೆಂಬಲಿಸುತ್ತೇನೆ, ಜೊತೆಗೆ ಬಿಡಿಸುವ ನೆರವು ಕೈಗೆ ಸಿಗುವಂತಿರಬೇಕು. 21ರ ಮಿತಿಗೂ ನನ್ನ ಉತ್ತರ ಇದೇ: ಹದಿಹರೆಯದಲ್ಲಿ ಶುರುವಾದ ನಿಕೋಟಿನ್ ಚಟ ಗಟ್ಟಿಯಾಗಿ ಕೂರುತ್ತದೆ, ಮತ್ತು 16ರ ಹುಡುಗನಿಗೆ ತಂದುಕೊಡುವುದು ಸಾಮಾನ್ಯವಾಗಿ 18–19ರ ಗೆಳೆಯ.

ನಿಷೇಧ ಹಾಕುವ ಕಚೇರಿ, ಕಾರ್ಖಾನೆಗಳು ಮಾಡಬೇಕಾದ್ದು ಇದು. 8 ಗಂಟೆ ಸೇದಬೇಡ ಅಂದ ಮೇಲೆ ನಿಕೋಟಿನ್ ಗಮ್ ಬಗ್ಗೆ ಹೇಳಿಕೊಡಿ. 2 ಮಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಗ್ರಾಂ ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಮೊದಲ 6 ವಾರ ಒಂದು–ಎರಡು ಗಂಟೆಗೊಂದು, ದಿನಕ್ಕೆ 24 ಮೀರಬಾರದು.

ಬಹುಪಾಲು ಜನ ಅದನ್ನು ಚೂಯಿಂಗ್ ಗಮ್‌ನಂತೆ ಅಗಿದು ನುಂಗುತ್ತಾರೆ, ಬಿಕ್ಕಳಿಕೆ, ಎದೆಯುರಿ ಬಂದು "ಇದು ಆಗಿಬರಲ್ಲ" ಅಂತ ಬಿಡುತ್ತಾರೆ. ನಿಧಾನ ನಾಲ್ಕಾರು ಸಲ ಅಗಿದು ಖಾರ ಅಥವಾ ಜುಮ್ಮೆನ್ನುವ ರುಚಿ ಬಂದ ಕೂಡಲೇ ಕೆನ್ನೆ–ವಸಡಿನ ನಡುವೆ ಇಟ್ಟುಬಿಡಬೇಕು. ಜುಮ್ಮು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಬದಿಗೆ. ಹೀಗೆ ಸುಮಾರು 30 ನಿಮಿಷ. ನಿಕೋಟಿನ್ ಹೀರಲ್ಪಡುವುದು ಬಾಯೊಳಗಿನ ಪೊರೆಯಿಂದ, ಹೊಟ್ಟೆಯಿಂದಲ್ಲ. ಕಾಫಿ, ನಿಂಬೆ ಶರಬತ್ತು, ಕೋಲಾ ಕುಡಿದು 15 ನಿಮಿಷದೊಳಗೆ ಹಾಕಿದರೆ ಬಾಯಿಯ ಆಮ್ಲ ಅದನ್ನು ತಡೆಯುತ್ತದೆ. ನಮ್ಮಲ್ಲಿ ಕಾಫಿ ಜೊತೆಗೇ ಹಾಕಿಕೊಳ್ಳುವುದರಿಂದ ಅರ್ಧ ಪಾಲು ವ್ಯರ್ಥ. ಇತ್ತೀಚೆಗೆ ಹೃದಯಾಘಾತವಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಸಲಹೆಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ.

ಆಸ್ಪತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಸಿಗರೇಟಿನ ಹೊಗೆಯಲ್ಲಿನ ಟಾರು ಸಂಯುಕ್ತಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್, ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಔಷಧಿಗಳನ್ನು ಒಡೆಯುವುದು ಅದೇ ಕಿಣ್ವ. ಮಾನಸಿಕ ಆರೋಗ್ಯದ ವಾರ್ಡಿಗೆ ದಾಖಲಾಗಿ ಸೇದುವುದು ಥಟ್ಟನೆ ನಿಂತರೆ ಒಂದು ವಾರದೊಳಗೆ ರಕ್ತದಲ್ಲಿ ಔಷಧಿಯ ಮಟ್ಟ ಏರಬಹುದು, ಮಂಪರು ಹೆಚ್ಚಬಹುದು, ಕ್ಲೋಜಪಿನ್‌ನಲ್ಲಾದರೆ ಫಿಟ್ಸ್ ಕೂಡ ಬರಬಹುದು. ನಿಕೋಟಿನ್ ಗಮ್ ಇದನ್ನು ಸರಿದೂಗಿಸುವುದಿಲ್ಲ, ಏಕೆಂದರೆ ಕಿಣ್ವಕ್ಕೆ ಕಾರಣ ಹೊಗೆ, ನಿಕೋಟಿನ್ ಅಲ್ಲ. ಡೋಸ್ ಮರುಪರಿಶೀಲನೆ ಆಗಲೇಬೇಕು. ಗೇಟಿನಲ್ಲಿ ಬೀಡಿ ಕಸಿದುಕೊಂಡು ಒಳಗೆ ಈ ಲೆಕ್ಕ ಮರೆತರೆ ನಿಷೇಧವೇ ರೋಗಿಗೆ ಹಾನಿ ಮಾಡುತ್ತದೆ.

ಮೇಲ್ಮಹಡಿ

ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯ ಹೊಗೆ ಬಚ್ಚಲಿಗೆ ಬಂದರೆ ಕಾನೂನು ಏನು ಮಾಡುತ್ತದೆ? ಸಂಘದವರು ಬಾಲ್ಕನಿಯಲ್ಲೂ ಸೇದಬಾರದು ಅಂತ ನಿರ್ಣಯ ಮಾಡಬಹುದೇ?

ಧಾರವಾಡ_ವಕೀಲ

ಮನಿ ಒಳಗ ಕೋಟ್ಪಾ ಬರೂದಿಲ್ಲ, ಬರಬಾರದು ಸೈತ. ಲಿಫ್ಟು, ಮೆಟ್ಟಿಲು, ಲಾಬಿ ಬ್ಯಾರೆ ಮಾತು. ಅಲ್ಲಿ ಕಾವಲುಗಾರರು, ಕಸ ಗುಡಿಸೋರು ಕೆಲಸ ಮಾಡ್ತಾರ, ಅದು ಕೆಲಸದ ಸ್ಥಳ ಅಂತ ವಾದ ಮಾಡಬಹುದು. ಸಂಘ ತನ್ನ ಬೈಲಾದಾಗ ಸಾಮಾನ್ಯ ಜಾಗಕ್ಕ ನಿಯಮ ಹಾಕಬಹುದು. ಒಬ್ಬರ ಸ್ವಂತ ಬಾಲ್ಕನಿ ಮ್ಯಾಲೆ ಬರೇ ಸಭೆ ನಿರ್ಣಯದಿಂದ ದಂಡ ಹಾಕಿದ್ರ ಅದು ಕೋರ್ಟಿನಾಗ ನಿಲ್ಲೂದು ಕಷ್ಟ. ಭಾರತೀಯ ನ್ಯಾಯ ಸಂಹಿತೆ 280ರಾಗ ವಾತಾವರಣ ಕೆಡಿಸೋ ಅಪರಾಧಕ್ಕ 1,000 ರೂಪಾಯಿವರೆಗೆ ದಂಡ ಅದ, ಆದ್ರ ನೆರೆಮನಿ ಒಂದು ಸಿಗರೇಟಿಗೆ ಅದನ್ನ ಎಳೀಬ್ಯಾಡ್ರಿ. ಮಾತಾಡಿ ಬಗೆಹರಿಸ್ರಿ, ಕಟ್ಟಡ ರಿಪೇರಿ ಮಾಡಸ್ರಿ.

ಗಾಳಿ_ಲೆಕ್ಕ

ರಿಪೇರಿ ಬಹುತೇಕ ಸಾಧ್ಯ. ಬಚ್ಚಲುಗಳೆಲ್ಲ ಒಂದೇ ಶಾಫ್ಟಿಗೆ ತೆರೆದಿರುತ್ತವೆ, ಬೆಚ್ಚಗಿನ ಗಾಳಿ ಮೇಲೇರುತ್ತದೆ, ಅದಕ್ಕೇ ಮೇಲಿನವರಿಗೆ ಕಾಟ. ಮೊದಲು ನಿಮ್ಮ ಎಕ್ಸಾಸ್ಟ್ ಫ್ಯಾನಿಗೆ ಹಿಮ್ಮುಖ ತಡೆಯುವ ರೆಕ್ಕೆ ಇದೆಯೇ ನೋಡಿ, ಫ್ಯಾನು ನಿಂತಾಗ ಅದು ಪೂರ್ತಿ ಮುಚ್ಚಬೇಕು. ಪೈಪು ಗೋಡೆ ದಾಟುವ ಕಡೆಯ ಸಂದಿಗೆ ಸಿಲಿಕೋನ್ ತುಂಬಿ. ಬಳಸದ ಬಚ್ಚಲಿನ ನೆಲದ ಟ್ರ್ಯಾಪಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ. ಅದರೊಳಗೆ ಸುಮಾರು 50 ಮಿಮೀ ನೀರು ನಿಂತಿರಬೇಕು, ಒಣಗಿದರೆ ಗಾಳಿಗೆ ದಾರಿ ಬಿಟ್ಟಂತೆ.

ಜನ ಮಾಡುವ ತಪ್ಪು: ಹೊಗೆ ಬಂತೆಂದು ಎಲ್ಲ ಕಿಟಕಿ ಮುಚ್ಚಿ ಅಡುಗೆಮನೆಯ ಫ್ಯಾನು ಜೋರು ಮಾಡುತ್ತಾರೆ. ಮನೆಯೊಳಗೆ ಒತ್ತಡ ಇಳಿದು ಶಾಫ್ಟಿನ ಹೊಗೆ ಇನ್ನಷ್ಟು ಒಳಗೆ ಎಳೆಯಲ್ಪಡುತ್ತದೆ. ಶಾಫ್ಟಿನ ಎದುರು ದಿಕ್ಕಿನ ಕಿಟಕಿಯೊಂದನ್ನು ತೆರೆದಿಟ್ಟೇ ಫ್ಯಾನು ಹಾಕಿ.

ಸ್ವಂತನಿರ್ಧಾರ

ಬಾರಿನ ಕೊಠಡಿಯ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಸಡಿಲಿಸುತ್ತೇನೆ, ಕೆಲಸಗಾರರ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಳಗೆ ಜಾಗ ತೆಗೆದರೆ ಹೊರಗೆ ಬಿಡಬೇಕು. ಒಳಾಂಗಣದಲ್ಲಿ ವಿನಾಯಿತಿ ಇಲ್ಲದ ನಿಷೇಧ, ಬಯಲಿನಲ್ಲಿ ಜನಸಂದಣಿಯಿಂದ ದೂರ ಗುರುತಿಸಿದ ಜಾಗ, ಅಲ್ಲಿ ಸೇದುವವನಿಗೆ ದಂಡವಿಲ್ಲ. ಇಷ್ಟು ಬರೆದುಕೊಟ್ಟರೆ ಸಹಿ ಹಾಕುತ್ತೇನೆ. 21ರ ಮಿತಿ ಒಪ್ಪುವುದಿಲ್ಲ. ಮಾಲ್ಡೀವ್ಸ್ 2025ರ ನವೆಂಬರ್‌ನಿಂದ 2007ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜೀವಮಾನವಿಡೀ ನಿಷೇಧ ಹಾಕಿದೆ. ನ್ಯೂಜಿಲೆಂಡ್ 2022ರಲ್ಲಿ ಅಂಥದ್ದೇ ಕಾಯ್ದೆ ಮಾಡಿ 2024ರಲ್ಲಿ ಹಿಂದೆಗೆದುಕೊಂಡಿತು. 18, 21, ಆಮೇಲೆ ಎಂದೆಂದಿಗೂ, ಈ ಮೆಟ್ಟಿಲು ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳುತ್ತಿಲ್ಲ.

ಹೊಗೆಯಾಚೆ

21ರಲ್ಲಿ ನಾವು ಒಪ್ಪುವುದಿಲ್ಲ, ಇರಲಿ. ಉಳಿದದ್ದರಲ್ಲಿ ಈಗಲೇ ಮಾಡಬಹುದಾದ್ದು ಇದೆ. ನೀವು ಕೆಲಸ ಮಾಡುವ ಕಚೇರಿ ಅಥವಾ ಊಟ ಮಾಡುವ ಹೋಟೆಲಿನ ಫಲಕದಲ್ಲಿ ದೂರು ಸ್ವೀಕರಿಸುವವರ ಹೆಸರು ಇದೆಯೇ ನೋಡಿ. ಇದ್ದರೆ ಅವರಿಗೇ ದಿನಾಂಕ, ಸಮಯ, ಜಾಗ ಬರೆದು ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ, ಮಾಲೀಕನ ಹೊಣೆ ಶುರುವಾಗುವುದು ಅಲ್ಲಿಂದ. ಹೆಸರಿಲ್ಲದಿದ್ದರೆ ಫಲಕದ ಚಿತ್ರ ತೆಗೆದು ಜಿಲ್ಲಾ ತಂಬಾಕು ನಿಯಂತ್ರಣ ಘಟಕಕ್ಕೆ ಕಳಿಸಿ. ಸೇದುತ್ತಿರುವ ವ್ಯಕ್ತಿಯ ಮುಖದ ಚಿತ್ರ ತೆಗೆಯಬೇಡಿ, ಬೂದಿ ಬಟ್ಟಲಿನ ಚಿತ್ರ ಸಾಕು.